ಕಳಶದ ನೀರಿನ ಏಡಿ

ಅರಸೀಕೆರೆಯಲ್ಲಿ ಮೂಳೆ ಇರುವ ಗಂಡಸು ಒಬ್ಬನೇ ಒಬ್ಬ ಎಂದು ಷಡಕ್ಷರಪ್ಪ ಮೇಷ್ಟ್ರು ನಂಬಿದ್ದರು. ಆ ಒಬ್ಬ ಯಾರೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟು ಸಂಕೋಚ ಅವರಿಗೂ ಇತ್ತು. ಆದರೆ ಪೇಟೆ ಬೀದಿಯಲ್ಲಿ ಅವರು ನಡೆದು ಬರುವುದನ್ನು ಒಮ್ಮೆ ನೋಡಿದವರಿಗೆ ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಕತ್ತು ನೆಟ್ಟಗೆ, ಎದೆ ಸೆಟೆದು, ಆಚೆ ಈಚೆ ನೋಟವಿಲ್ಲ. ಯಾರಾದರೂ ಕೈಮುಗಿದರೆ ರೆಪ್ಪೆಯಲ್ಲೇ ಮರುನಮಸ್ಕಾರ, ಅದೂ ಆವತ್ತು ಮನಸ್ಸು ಚೆನ್ನಾಗಿದ್ದರೆ.

ಕೊಬ್ಬರಿ ಮಂಡಿಯ ವರ್ತಕರು ಕಮಿಟಿ ಮಾಡಿಕೊಂಡು ನಡೆಸುತ್ತಿದ್ದ ಮಿಡ್ಲ್ ಸ್ಕೂಲಿನಲ್ಲಿ ಅವರು ವಿಜ್ಞಾನದ ಪಾಠ ಹೇಳುತ್ತಿದ್ದರು. ಪ್ರಾಣಿಗಳಲ್ಲಿ ಮೂಳೆ ಒಳಗಿರುವವು ಕೆಲವು, ಮೂಳೆ ಹೊರಗಿರುವವು ಕೆಲವು. ದನ, ಕಪ್ಪೆ, ಮನುಷ್ಯ ಒಂದು ಕಡೆ. ಏಡಿ, ಚೇಳು, ಜಿರಲೆ ಇನ್ನೊಂದು ಕಡೆ. ಇವಕ್ಕೆ ಮೈಮೇಲಿನ ಚಿಪ್ಪೇ ಮೂಳೆ, ಒಳಗೆ ಬರೀ ಮೆತ್ತನೆಯ ಮುದ್ದೆ. ಪಾಠ ಇಲ್ಲಿಗೆ ಮುಗಿಯಬೇಕಿತ್ತು. ಮೇಷ್ಟ್ರು ಅದನ್ನು ಊರೊಳಕ್ಕೆ ಎಳೆದುಕೊಂಡು ಹೋಗಿದ್ದರು. ಹೆಡ್‌ಮಾಸ್ತರ ಕೃಷ್ಣಪ್ಪ ಜಿರಲೆ. ದೀಪ ಹಚ್ಚಿದರೆ ಓಡಿಹೋಗುವ ಆಸಾಮಿ. ತಾಲೂಕು ಕಚೇರಿಯ ಗುಮಾಸ್ತರೆಲ್ಲ ಸಾಲು ಹಿಡಿದ ಗೊದ್ದದಿರುವೆಗಳು. ಇನ್ನು ಕಮಿಟಿ ಅಧ್ಯಕ್ಷ ಏಕಾಂತಯ್ಯನಿದ್ದಾನಲ್ಲ, ಕೊಬ್ಬರಿ ಮಂಡಿಯ ಯಜಮಾನ, ಅವನು ಊರಿಗೇ ದೊಡ್ಡ ಏಡಿ.

ಮೇಷ್ಟ್ರಿಗೆ ಆ ಏಕಾಂತಯ್ಯನನ್ನು ಕಂಡರೆ ಅಂಗಾಲಿನಿಂದ ನೆತ್ತಿಯವರೆಗೂ ಉರಿ. ಕಡುಬೇಸಿಗೆಯಲ್ಲೂ ಕತ್ತಿನ ತನಕ ಗುಂಡಿ ಹಾಕಿದ ಕೋಟು, ಜರಿಯ ರುಮಾಲು, ಎದೆಯ ಮೇಲೊಂದು ಪದಕ. ಆ ಪದಕವಾದರೂ ಎಂಥದ್ದು? ಯಾವುದೋ ವಸ್ತುಪ್ರದರ್ಶನದಲ್ಲಿ ಇವನ ತೋಟದ ಕಾಯಿ ದಪ್ಪಗಿದೆ ಎಂದು ಕೊಟ್ಟದ್ದು. "ಪದಕ ಬಂದಿದ್ದು ತೆಂಗಿನಕಾಯಿಗೆ. ಕಾಯಿಗೆ ಎದೆ ಇಲ್ಲ ಪಾಪ, ಅದಕ್ಕೆ ಇವನು ಹಾಕಿಕೊಂಡ" ಎಂದು ಮೇಷ್ಟ್ರು ಟೀಚರುಗಳ ಕೋಣೆಯಲ್ಲಿ ಹೇಳುತ್ತಿದ್ದರು. ಕೇಳಿದವರು ಬಾಗಿಲ ಕಡೆ ಒಮ್ಮೆ ನೋಡಿ ಆಮೇಲೆ ನಗುತ್ತಿದ್ದರು. ಹಾಗೆ ಬಾಗಿಲ ಕಡೆ ನೋಡಿದ್ದಕ್ಕೂ ಮೇಷ್ಟ್ರಿಗೆ ತಾತ್ಸಾರವೇ.

ಇಷ್ಟೆಲ್ಲ ಅಂದರೂ ಅವರ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಸ್ಕೂಲು ನಿಂತಿದ್ದ ಜಾಗ ಮೇಷ್ಟ್ರ ತಾತ ದಾನ ಕೊಟ್ಟದ್ದು. ತಮ್ಮ ವಂಶದವನೊಬ್ಬನಿಗೆ ಅಲ್ಲಿ ಕೆಲಸ ಇರಬೇಕು ಎಂದು ಆ ಮುದುಕ ದಾನಪತ್ರದಲ್ಲೇ ಬರೆಸಿ ಕಣ್ಣು ಮುಚ್ಚಿದ್ದ. ಮೇಷ್ಟ್ರು ಈ ವಿಷಯ ಎಂದೂ ಎತ್ತುತ್ತಿರಲಿಲ್ಲ. ತಮ್ಮ ಧೈರ್ಯ ತಮ್ಮ ಬೆನ್ನುಮೂಳೆಯಿಂದಲೇ ಬಂದದ್ದು ಎಂದು ಅವರ ಎಣಿಕೆ.

ಅವರ ಕೈಕೆಳಗೆ ಹನುಮಂತಯ್ಯ ಎಂಬ ಹಂಗಾಮಿ ಮೇಷ್ಟ್ರು ಇದ್ದ. ಜಾವಗಲ್ ಕಡೆಯ ಒಕ್ಕಲು ಮನೆಯವನು. ಓದು ಮುಗಿಯುವಷ್ಟರಲ್ಲಿ ಅಣ್ಣಂದಿರು ಹೊಲ ಹಂಚಿಕೊಂಡು, "ನಿಂಗೆ ಓದು ಕೊಡ್ಸಿದ್ದೀವಲ್ಲ, ಅದೇ ನಿನ್ನ ಪಾಲು" ಅಂದುಬಿಟ್ಟಿದ್ದರು. ಹೆಂಡತಿ ಅಂಕಮ್ಮನನ್ನು ಕಟ್ಟಿಕೊಂಡು ಸ್ಟೇಷನ್ ಹತ್ತಿರ ಒಂದು ಕೋಣೆಯ ಮನೆಯಲ್ಲಿದ್ದ. ದಸರಾ ಮುಗಿದ ಮಾರನೆಯ ದಿನ ಕಮಿಟಿ ಸೇರಿ ಅವನ ಕೆಲಸ ಕಾಯಂ ಮಾಡಬೇಕು, ಇಲ್ಲ ಕೈಬಿಡಬೇಕು. ಕೈಬಿಟ್ಟರೆ ಮತ್ತೆ ಅಣ್ಣನ ಮನೆ ಬಾಗಿಲು. ಅಂಕಮ್ಮ ಅತ್ತಿಗೆಯ ಮುಂದೆ ಕಸಬರಿಕೆ ಹಿಡಿದು ನಿಲ್ಲಬೇಕು. ಹೀಗಾಗಿ ಹನುಮಂತಯ್ಯ ಆ ವರ್ಷವೆಲ್ಲ ಕಂಡಕಂಡವರಿಗೆ ಬಗ್ಗಿಯೇ ಬಗ್ಗಿದ. ಏಕಾಂತಯ್ಯನಿಗೆ ಬಗ್ಗಿದ, ಕೃಷ್ಣಪ್ಪನಿಗೆ ಬಗ್ಗಿದ, ಕೊನೆಗೆ ಗಂಟೆ ಹೊಡೆಯುವ ಜವಾನ ಮರಿಯಣ್ಣನನ್ನೂ "ಅಣ್ಣಾ" ಅಂದ. "ಥೂ, ಎರೆಹುಳಕ್ಕಿಂತ ಕಡೆ!" ಎಂದು ಮೇಷ್ಟ್ರು ಮನಸ್ಸಿನಲ್ಲೇ ಉಗಿದರು. ಏಡಿಗೆ ಹೊರಗಾದರೂ ಗಟ್ಟಿ ಇದೆ, ಇವನಿಗೆ ಒಳಗೂ ಇಲ್ಲ ಹೊರಗೂ ಇಲ್ಲ ಅನ್ನಿಸಿತು ಅವರಿಗೆ.

ಆದರೆ ಹುಡುಗ ಕೆಲಸದಲ್ಲಿ ಚುರುಕು. ನವರಾತ್ರಿಯ ನಡುವೆ ಮೂಳೆಯ ಪಾಠ ಬಂದಾಗ ಮೇಷ್ಟ್ರು, "ಒಂದು ಏಡಿ ಹಿಡಿದು ತಾ, ಮಕ್ಕಳು ಕಣ್ಣಾರೆ ನೋಡಲಿ" ಅಂದರು. ಮೇಷ್ಟ್ರು ಮಡಿವಂತರು, ಏಡಿ ಮುಟ್ಟುವವರಲ್ಲ. ಹನುಮಂತಯ್ಯ ಕೆರೆಯ ಕೋಡಿಯಿಂದ ಅಂಗೈ ಅಗಲದ್ದೊಂದು ಹಿಡಿದು ತಂದ. ಮೇಷ್ಟ್ರು ದೂರದಿಂದ ಬೆತ್ತದಲ್ಲಿ ತೋರಿಸುತ್ತ ಹೇಳುವುದು, ಹನುಮಂತಯ್ಯ ಕೈಯಲ್ಲಿ ಹಿಡಿದು ತಿರುಗಿಸುವುದು. ಪಾಠ ಬಹಳ ಚೆನ್ನಾಗಿ ನಡೆಯಿತು.

"ನಿಮ್ಮ ಮೊಣಕೈ ಮುಟ್ಟಿಕೊಳ್ಳಿ" ಎಂದ ಹನುಮಂತಯ್ಯ ಮಕ್ಕಳಿಗೆ. "ಚರ್ಮ ಮೇಲೆ, ಮೂಳೆ ಕೆಳಗೆ. ನೀವು ಬೆಳೆದಂಗೆ ಮೂಳೆನೂ ಬೆಳೀತದೆ. ಮುರಿದ್ರೆ ಪಟ್ಟು ಹಾಕಿ ಕಟ್ಟಿದ್ರೆ ಕೂಡ್ಕೊಳ್ತದೆ. ಏಡಿ ಚಿಪ್ಪು ಹಂಗಲ್ಲ. ಅದು ಬೆಳೆಯಲ್ಲ."

"ಬೆಳೆಯದಿದ್ದರೆ ಏಡಿ ದೊಡ್ಡದಾಗುವುದು ಹೇಗೆ?" ಎಂದು ಮೇಷ್ಟ್ರು ತಾವೇ ಕೇಳಿ ತಾವೇ ಉತ್ತರ ಹೇಳಿದರು. "ಚಿಪ್ಪನ್ನು ಬಿಚ್ಚಿ ಬಿಸಾಡುತ್ತದೆ! ಹಿಂದುಗಡೆ ಸೀಳಿಕೊಂಡು, ಕಾಲು, ಇಕ್ಕಳದಂಥ ಕೊಂಬು, ಕಣ್ಣಿನ ಪೊರೆ ಸಮೇತ ಇಡೀ ಅಂಗಿ ಕಳಚಿಟ್ಟು ಹೊರಗೆ ಬರುತ್ತದೆ. ಆಗ ಮೈ ಬೆಣ್ಣೆ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಒಂದು ಕಪ್ಪೆ ಬಂದರೂ ಅದಕ್ಕೆ ಜೀವಭಯ. ಆನೆಯಷ್ಟು ದೊಡ್ಡ ಏಡಿ ಯಾಕಿಲ್ಲ ಗೊತ್ತೇ? ಅಷ್ಟು ದೊಡ್ಡದಾದರೆ ತನ್ನ ಚಿಪ್ಪಿನ ಭಾರಕ್ಕೆ ತಾನೇ ಕುಸಿದು ಸಾಯುತ್ತದೆ."

ಪಾಠ ಮುಗಿದ ಮೇಲೆ ಹನುಮಂತಯ್ಯ ಏಡಿಯನ್ನು ಕೆರೆಗೆ ಬಿಟ್ಟುಬರಲು ಹೊರಟ. ಮೇಷ್ಟ್ರು ತಡೆದರು. ಏಡಿ ಮಂಕಾಗಿದೆ, ಚಿಪ್ಪಿನ ಬಣ್ಣ ಮಾಸಿದೆ, ಇನ್ನೆರಡು ದಿನಕ್ಕೆ ಪೊರೆ ಬಿಡುವ ಹಾಗೆ ಕಾಣುತ್ತದೆ, ಇಲ್ಲೇ ಇರಲಿ ಅಂದರು.

"ನಾಳೆ ಸರಸ್ವತಿ ಪೂಜೆ ಐತೆ ಮೇಷ್ಟ್ರೇ. ಯಾರಾದ್ರೂ ನೋಡಿದ್ರೆ..."

"ನೋಡಿದರೆ ಏನು? ನುಂಗುತ್ತಾರೋ? ಹೆದರುಪುಕ್ಕಲ! ಇಡಯ್ಯಾ ಅಲ್ಲಿ."

ಹನುಮಂತಯ್ಯ ಇಟ್ಟ. ಸಂತೆಯಿಂದ ತಂದ ಹೊಸ ಮಡಕೆ, ಅದರೊಳಗೆ ನೀರು, ಎರಡು ಕಲ್ಲು, ಏಡಿ. ಮೇಲೆ ಶುಭ್ರವಾದ ಒಂದು ತಟ್ಟೆ ಮುಚ್ಚಿ, ಸಾಮಾನಿನ ಕೋಣೆಯ ಗೂಡಿನಲ್ಲಿ ಇಟ್ಟ. ಆ ತಟ್ಟೆ ಅಷ್ಟು ಶುಭ್ರವಾಗಿರಬಾರದಿತ್ತು.

ಮಾರನೆಯ ದಿನ ಸರಸ್ವತಿಯ ಪಟದ ಮುಂದೆ ಪುಸ್ತಕ ಪೇರಿಸಿ, ಮಾವಿನ ತೋರಣ ಕಟ್ಟಿ, ಮಕ್ಕಳ ತಂದೆತಾಯಂದಿರೆಲ್ಲ ಜಮಖಾನದ ಮೇಲೆ ಕೂತರು. ಏಕಾಂತಯ್ಯ ಕೋಟು, ರುಮಾಲು, ಪದಕದ ಸಮೇತ ಬಂದು ಕುರ್ಚಿಯಲ್ಲಿ ಕುಳಿತ. ಕೃಷ್ಣಪ್ಪ ಪೂಜೆಗೆ ಕೂತು, "ಮರಿಯಣ್ಣಾ, ಕಳಶಕ್ಕೆ ನೀರು" ಅಂದ. ಮರಿಯಣ್ಣ ಬೆಳಗಿನಿಂದ ತೋರಣ ಕಟ್ಟಿ ಸುಸ್ತಾಗಿದ್ದವನು. ಬಾವಿಯ ತನಕ ಯಾರು ಹೋಗುತ್ತಾರೆ? ಗೂಡಿನಲ್ಲಿ ಹೊಸ ಮಡಕೆ ಇದೆ, ತಟ್ಟೆ ಮುಚ್ಚಿದೆ, ಎತ್ತಿದರೆ ನೀರು ಕುಲುಕುತ್ತದೆ. ಕಳಶಕ್ಕೆಂದೇ ಯಾರೋ ಮಡಿಯಲ್ಲಿ ತಂದಿಟ್ಟಿದ್ದಾರೆ ಅಂದುಕೊಂಡು ಹೊತ್ತು ತಂದು ದೇವರ ಮುಂದೆ ಇಳಿಸಿದ.

ಕೃಷ್ಣಪ್ಪ ಮಂತ್ರ ಹೇಳುತ್ತಲೇ ತಟ್ಟೆ ತೆಗೆದು, ಹೂವಿನಿಂದ ನೀರು ಪ್ರೋಕ್ಷಿಸಲು ಬಗ್ಗಿ, "ಅಯ್ಯಯ್ಯೋ!" ಎಂದು ಹಿಂದಕ್ಕೆ ಬಿದ್ದ. ಮಡಕೆಯೊಳಗೆ ಒಂದಲ್ಲ, ಎರಡು ಏಡಿ. ಒಂದು ತಳದಲ್ಲಿ ಕಲ್ಲಿನ ಮರೆಗೆ ಅಡಗಿತ್ತು. ಇನ್ನೊಂದು ಕಾಲು ಚಾಚಿ, ಕಣ್ಣು ಬಿಟ್ಟುಕೊಂಡು, ಅಲುಗಾಡದೆ ತೇಲುತ್ತಿತ್ತು.

"ಸತ್ತ ಏಡಿ! ಸರಸ್ವತಿ ಮುಂದೆ ಹೆಣ!" ಎಂದು ಯಾರೋ ಕೂಗಿದರು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಎದ್ದರು. ಒಬ್ಬಾಕೆ ತನ್ನ ಮಗ ಈ ವರ್ಷ ನಪಾಸಾಗುವುದು ಖಂಡಿತ ಎಂದು ಆಗಲೇ ಅಳು ತೆಗೆದಳು. ಕೃಷ್ಣಪ್ಪ, "ನಂಗೇನೂ ಗೊತ್ತಿಲ್ಲ, ನಂಗೇನೂ ಗೊತ್ತಿಲ್ಲ" ಅನ್ನುತ್ತ ಪಟದ ಹಿಂದಕ್ಕೆ ಸರಿದ. ನೋಡಿರಯ್ಯ ಜಿರಲೆಯನ್ನು, ಅಂದುಕೊಂಡರು ಗೋಡೆಗೆ ಒರಗಿ ನಿಂತಿದ್ದ ಷಡಕ್ಷರಪ್ಪ ಮೇಷ್ಟ್ರು. ಅವರಿಗೆ ಒಳಗೊಳಗೇ ಹಬ್ಬ. ಊರಿಗೆ ಊರೇ ಒಂದು ಖಾಲಿ ಚಿಪ್ಪಿಗೆ ಹೆದರಿ ಕೂಗಾಡುತ್ತಿದೆ, ಇದಕ್ಕಿಂತ ಬೇರೆ ಪುರಾವೆ ಬೇಕೆ?

"ಇದನ್ನ ತಂದೋನು ಯಾವನು?" ಎಂದು ಏಕಾಂತಯ್ಯ ಎದ್ದು ನಿಂತ.

ಹನುಮಂತಯ್ಯ ಮುಂದೆ ಬಂದ. ಮಡಕೆಗೆ ಕೈಹಾಕಿ ತೇಲುತ್ತಿದ್ದುದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಬೆಳಕು ಅದರೊಳಗಿಂದ ಹಾದು ಈಚೆಗೆ ಬಂತು.

"ನಾನೇ ಯಜಮಾನ್ರೇ, ತಪ್ಪಾಯ್ತು. ಆದ್ರೆ ಇದು ಹೆಣ ಅಲ್ಲ, ನೋಡಿ. ಒಳಗೇನೂ ಇಲ್ಲ. ಏಡಿ ಹಳೇ ಅಂಗಿ ಬಿಚ್ಚಿಟ್ಟೈತೆ ಅಷ್ಟೇ. ಏಡಿ ಇಲ್ಲೇ ಐತೆ, ಜೀವಂತ." ಕಲ್ಲಿನ ಮರೆಯಲ್ಲಿದ್ದುದನ್ನು ಮೆಲ್ಲಗೆ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡ. "ಈಗ್ಲೇ ಹುಟ್ಟಿದ್ ಕೂಸಿನಂಗೈತೆ. ಬೇಕಾರೆ ಮುಟ್ಟಿ ನೋಡಿ, ಕಚ್ಚಲ್ಲ."

ಏಕಾಂತಯ್ಯ ಒಂದು ಹೆಜ್ಜೆ ಹಿಂದೆ ಹೋದ. ಆಮೇಲೆ ಏನನ್ನಿಸಿತೋ, ಒಂದು ಬೆರಳು ಚಾಚಿ ಏಡಿಯ ಬೆನ್ನು ಮುಟ್ಟಿದ. ಬೆನ್ನು ತಗ್ಗಿತು. "ಅಯ್ ಇವ್ನ! ಬೆಣ್ಣೆ ಮುದ್ದೆ ಇದ್ದಂಗೈತಲ್ಲಯ್ಯಾ!" ಎಂದು ಇನ್ನೊಮ್ಮೆ ಮುಟ್ಟಿದ. ನಕ್ಕೂಬಿಟ್ಟ. ಯಜಮಾನರು ನಕ್ಕದ್ದು ಕಂಡು ಜಮಖಾನದ ಮೇಲಿದ್ದವರು ಒಬ್ಬೊಬ್ಬರಾಗಿ ಹತ್ತಿರ ಬಂದರು, ಮಕ್ಕಳು ಕಾಲುಗಳ ನಡುವೆ ತೂರಿಕೊಂಡು ಬಂದರು.

"ಹೆಣ ಅಲ್ಲ ಅಂದ್ಮೇಲೆ ಮೈಲಿಗೆ ಎಲ್ಲಿಂದ ಬಂತು?" ಎಂದ ಏಕಾಂತಯ್ಯ ಎಲ್ಲರಿಗೂ ಕೇಳುವ ಹಾಗೆ. "ತಾಯಿ ಮುಂದೆ ಹಳೇ ಬಟ್ಟೆ ಬಿಟ್ಟು ಹೊಸದು ಉಟ್ಕಂಡೈತೆ, ಒಳ್ಳೇದೇ ಆಯ್ತು. ಮರಿಯಣ್ಣಾ, ಬಾವಿ ನೀರು ತಗಂಬಾ. ಕೃಷ್ಣಪ್ಪನೋರೇ, ಈ ಹುಡುಗ ಪಾಠ ಚೆನ್ನಾಗಿ ಹೇಳ್ತಾನೆ ಕಣ್ರೀ."

ಹನುಮಂತಯ್ಯನ ಕಣ್ಣಲ್ಲಿ ನೀರು ಬಂತು. ಏಡಿಯನ್ನು ಮಡಕೆಗೆ ಬಿಟ್ಟು, ಸೊಂಟ ಬಗ್ಗಿಸಿ ಏಕಾಂತಯ್ಯನ ಕಾಲಿಗೆ ಕೈ ಹಚ್ಚಿದ. "ನಿಮ್ಮ ಆಶೀರ್ವಾದ ಯಜಮಾನ್ರೇ" ಅಂದ. ಅಲ್ಲಿಗೆ ಎಲ್ಲವೂ ಸರಿಹೋಗಿತ್ತು. ಕೆಲಸ ಕಾಯಂ ಆದ ಹಾಗೆಯೇ.

ಆದರೆ ಆ ಬಗ್ಗಿದ ಬೆನ್ನನ್ನು ಷಡಕ್ಷರಪ್ಪ ಮೇಷ್ಟ್ರು ನೋಡಿದರು. ಅವರಿಗೆ ಅಸಹ್ಯವಾಯಿತು. ಪಾಠ ನಮ್ಮದು, ವಿದ್ಯೆ ನಮ್ಮದು, ಕೊನೆಗೆ ಕಾಲು ಹಿಡಿಯಬೇಕಾದ್ದು ತೆಂಗಿನಕಾಯಿ ಪದಕದ್ದೇ? ಕಂಡೂ ಕಾಣದ ಹಾಗೆ ಸುಮ್ಮನಿದ್ದಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಸುಮ್ಮನಿರುವುದು ಅವರ ಜಾಯಮಾನದಲ್ಲಿ ಇರಲಿಲ್ಲ.

"ಏಳಯ್ಯಾ ಮೇಲೆ!" ಎಂದು ಗುಡುಗಿದರು. ಇಡೀ ಹಾಲ್ ಅವರ ಕಡೆ ತಿರುಗಿತು. "ಏಡಿ ಇಲ್ಲಿಟ್ಟದ್ದು ನಾನು. ಇವನಲ್ಲ. ಕೇಳುವುದಿದ್ದರೆ ನನ್ನನ್ನು ಕೇಳಿ ಏಕಾಂತಯ್ಯನವರೇ. ಏಡಿಯ ಮೈ ಮುಟ್ಟಿ ಬೆಣ್ಣೆ ಅಂದಿರಲ್ಲ, ಆ ಕೋಟು ಬಿಚ್ಚಿ ನಿಮ್ಮ ಮೈಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಏಡಿಯಾದರೂ ಅಂಗಿ ಬಿಚ್ಚಿ ಬೆಳೆಯುತ್ತೆ. ನೀವು ಬಿಚ್ಚಿದರೆ ಒಳಗೆ ಉಳಿಯುವುದೇನು? ಆ ಪದಕ ತೆಂಗಿನಕಾಯಿದು ಅನ್ನುವುದು ಊರಿಗೆಲ್ಲ ಗೊತ್ತು."

"ಮೇಷ್ಟ್ರೇ, ಬ್ಯಾಡಿ" ಎಂದ ಹನುಮಂತಯ್ಯ. ಪಿಸುದನಿ ಅದು.

"ಯಾಕೆ ಬೇಡ? ನೀನೂ ನಕ್ಕಿದ್ದೀಯಲ್ಲಯ್ಯಾ! ಕೇಳಿ ಇವನನ್ನೇ. ನಿಮ್ಮನ್ನು ಊರಿಗೆ ದೊಡ್ಡ ಏಡಿ ಅಂತ ನಾನು ಅಂದಾಗಲೆಲ್ಲ ಇವನೂ ನನ್ನ ಜೊತೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾನೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಏಕಾಂತಯ್ಯ ಮೇಷ್ಟ್ರ ಕಡೆ ನೋಡಲೇ ಇಲ್ಲ. ಹನುಮಂತಯ್ಯನನ್ನು ನೋಡಿದ. ಆಗ ತಾನೇ ಕಾಲು ಮುಟ್ಟಿದ್ದ ಆ ಕೈಗಳನ್ನು ನೋಡಿದ. "ಹೌದೇನಯ್ಯಾ?" ಎಂದು ಕೇಳಿದ. ಹನುಮಂತಯ್ಯ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಏಕಾಂತಯ್ಯ ಮಂಗಳಾರತಿಗೂ ನಿಲ್ಲದೆ ಹೊರಟುಹೋದ.

ಮುಂದಿನ ಎರಡು ದಿನ ಷಡಕ್ಷರಪ್ಪ ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾಫಿ ಕ್ಲಬ್ಬಿನಲ್ಲಿ ಕೂತು, ಏಕಾಂತಯ್ಯನ ಮುಖ ಹೇಗಾಯಿತು ಎಂದು ಬಂದವರಿಗೆಲ್ಲ ಮಾಡಿ ತೋರಿಸಿದರು. ಕೇಳಿದವರು ನಕ್ಕು ಎದ್ದುಹೋದರು. ಹನುಮಂತಯ್ಯ ಮಾತ್ರ ಅತ್ತ ಸುಳಿಯಲಿಲ್ಲ. ಒಂದು ಕೃತಜ್ಞತೆಯ ಮಾತಿಲ್ಲ, ಕಥೆಯಿಲ್ಲ. ವಿಜಯದಶಮಿಯ ದಿನ ಮೇಷ್ಟ್ರೇ ಅವನ ಮನೆಗೆ ಹೊರಟರು. ಇನ್ನಾದರೂ ತಲೆ ಎತ್ತಿ ಬದುಕು ಎಂದು ನಾಲ್ಕು ಮಾತು ಹೇಳುವ ಉಮೇದು ಅವರಿಗಿತ್ತು.

ಮನೆಯೊಳಗೆ ಅಂಕಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಹನುಮಂತಯ್ಯ ಎದ್ದು ಚಾಪೆ ಹಾಸಿದ. ನಾಳೆ ಕಮಿಟಿ, ಅದರಲ್ಲಿ ಏನಾಗುತ್ತದೆಂದು ಕೃಷ್ಣಪ್ಪ ಹೇಳಿ ಕಳಿಸಿದ್ದಾನೆ, ನಾಡಿದ್ದು ಊರಿಗೆ ಹೊರಡುತ್ತೇವೆ ಎಂದು ತಲೆ ತಗ್ಗಿಸಿಯೇ ಹೇಳಿದ.

"ಹೋಗಲಿ ಬಿಡು! ಅವನ ಕಾಲು ಹಿಡಿದು ತಿನ್ನುವ ಅನ್ನಕ್ಕಿಂತ..." ಎಂದು ಮೇಷ್ಟ್ರು ಶುರು ಮಾಡಿದರು.

"ನೀವೂ ಕೆಲ್ಸ ಬಿಟ್ರಾ ಸಾಮಿ?" ಎಂದಳು ಅಂಕಮ್ಮ.

ಮೇಷ್ಟ್ರು ಹಾಸಿದ ಚಾಪೆಯ ಮೇಲೆ ಕೂತರು.

"ಬಿಡಾಕಿಲ್ಲ, ಬಿಡ್ಸಾಕೂ ಆಗಲ್ಲ. ನಿಮ್ಮ ತಾತನ ಜಾಗ. ಅದ್ರ ಮ್ಯಾಲೆ ನಿಂತ್ಕಂಡು ನೀವು ಯಾರ್ನ ಬೇಕಾರೂ ಬಯ್ಬೌದು. ಕ್ವಾಣ ಕ್ವಾಣ ಕಾದಾಡಿ ಗಿಡುಕ್ಕೆ ಮಿತ್ತು ಅಂತಾರಲ್ಲ, ತುಳಿತಕ್ಕೆ ಸಿಕ್ಕಿ ಸಾಯೋ ಆ ಗಿಡ ನಾವು." ಅವಳು ಪಾತ್ರೆ ಕೆಳಗಿಟ್ಟಳು. "ಬಗ್ತಾರೆ ಬಗ್ತಾರೆ ಅಂತ ನಮ್ಮ ಮನೆಯೋರ್ನ ಹೀಯಾಳುಸ್ತಿದ್ರಂತೆ. ಅವ್ರು ಬಗ್ಗಿದ್ದು ನನ್ನನ್ನ ಅತ್ತಿಗೆ ಮುಂದೆ ನಿಲ್ಲಿಸ್ಬಾರ್ದು ಅಂತ. ನೀವು ನೆಟ್ಟಗೆ ನಿಂತಿದ್ದು ಯಾರಿಗೋಸ್ಕರ?"

"ಸುಮ್ನಿರೇ" ಎಂದ ಹನುಮಂತಯ್ಯ.

"ನಾ ಸುಮ್ನಿರಲ್ಲ." ಅವಳು ದೇವರ ಗೂಡಿನಿಂದ ಒಂದು ಹಿಡಿ ಬನ್ನಿ ಎಲೆ ತಂದು ಮೇಷ್ಟ್ರ ಮುಂದೆ ಇಟ್ಟಳು. "ಇವತ್ತು ದಶಮಿ. ಬನ್ನಿ ಕೊಟ್ಟು ಕಾಲು ಮುಟ್ಟಿದ್ರೆ ಹಗೆಯೋನೂ ಹಳೇದು ಎತ್ತಲ್ಲ. ಯಜಮಾನ್ರು ಮಂಡೀಲೇ ಕುಂತಿರ್ತಾರೆ. ಹೋಗಿ ಒಂದ್ ಮಾತು ಹೇಳಿ ಸಾಮಿ, ಆ ಹುಡುಗ ನಗಲಿಲ್ಲ, ನಾನೇ ಬಾಯ್ತಪ್ಪಿ ಅಂದೆ, ತಪ್ಪಾಯ್ತು ಅಂತ. ನಿಮ್ಮ ಕಾಲಿಗೆ ಬೀಳ್ತೀನಿ." ಬಿದ್ದೂಬಿಟ್ಟಳು.

ಯಾವ ಕಾಲಿಗೆ ಯಾರು ಬಿದ್ದರೂ ಮೂಗು ಮುರಿಯುತ್ತಿದ್ದ ಮೇಷ್ಟ್ರಿಗೆ ಆಗ ತಾತ್ಸಾರವೇ ಬರಲಿಲ್ಲ. "ಏಳಮ್ಮಾ, ಏಳು. ಹೋಗ್ತೀನಿ" ಅಂದರು. ನಿಜವಾಗಿಯೂ ಹೋಗುವ ಮನಸ್ಸಿನಿಂದಲೇ ಅಂದರು. ಬನ್ನಿ ಎಲೆ ಹಿಡಿದುಕೊಂಡು ಹೊರಟರು. ಅಂಕಮ್ಮ ಬಾಗಿಲಿಗೆ ಬಂದು ಅವರು ಹೋಗುವ ದಾರಿ ನೋಡುತ್ತ ನಿಂತಳು.

ಮಂಡಿಯ ಜಗಲಿಯ ಮೇಲೆ ಜನ ಒಬ್ಬರಾದ ಮೇಲೊಬ್ಬರು ಬನ್ನಿ ಕೊಟ್ಟು, ಕಾಲು ಮುಟ್ಟಿ, ಇಳಿದು ಹೋಗುತ್ತಿದ್ದರು. ಮೇಷ್ಟ್ರನ್ನು ಕಂಡು ದಾರಿ ಬಿಟ್ಟರು. ಗಾದಿಯ ಮೇಲೆ ಏಕಾಂತಯ್ಯ ಕೂತಿದ್ದ. ಕೋಟು ಇರಲಿಲ್ಲ, ರುಮಾಲೂ ಇರಲಿಲ್ಲ. ಬೋಳುತಲೆ, ಹೆಗಲ ಮೇಲೊಂದು ಟವಲು, ಮುಂದಕ್ಕೆ ಬಾಗಿದ ಬೆನ್ನು. ಕತ್ತಿನ ಬುಡದ ಮೂಳೆ ಎದ್ದು ಕಾಣುತ್ತಿತ್ತು. ಯಾವ ದೊಡ್ಡಸ್ತಿಕೆಯೂ ಇಲ್ಲದ ಒಬ್ಬ ಮುದುಕ.

"ಬನ್ನಿ ಮೇಷ್ಟ್ರೇ, ಕೂತ್ಕಳಿ" ಎಂದ ಏಕಾಂತಯ್ಯ. "ಆವತ್ತು ನೀವಂದಿದ್ದು ಕೇಳಿ ನಂಗೆ ಊಟ ಸೇರ್ಲಿಲ್ಲ. ನಿಮ್ಮ ಮಾತು ಬಿಡಿ, ನೀವು ಯಾವಾಗ್ಲೂ ಹಂಗೇಯ. ಆ ಹುಡುಗ ನಕ್ಕಿದ್ದು ಹೊಟ್ಟೆಗೆ ಚುಚ್ತು. ನಾನು ಅವನ್ನ ಒಳ್ಳೆಯವನು ಅಂತ ತಿಳ್ಕಂಡಿದ್ದೆ." ಟವಲಿನಿಂದ ಮುಖ ಒರೆಸಿಕೊಂಡ. "ಈಗ ಏನ್ ಬಂದ್ರಿ, ಹೇಳಿ."

ಇದಕ್ಕಿಂತ ಸಲೀಸಾಗಿ ಬಾಗಿಲು ಯಾರು ತೆರೆದಾರು? ಮೇಷ್ಟ್ರ ನಾಲಗೆಯ ತುದಿಯಲ್ಲಿ ಮಾತು ಇತ್ತು. ಅವನು ನಗಲಿಲ್ಲ, ತಪ್ಪು ನನ್ನದು. ಇಷ್ಟೇ. ಸ್ವಲ್ಪ ಬಗ್ಗಿ ಎಲೆಯನ್ನು ಆ ಅಂಗೈಯಲ್ಲಿ ಇಟ್ಟರೆ ಮುಗಿಯಿತು. ಬಗ್ಗಲು ನೋಡಿದರು. ಹಿಂದೆ ಜಗಲಿಯ ಮೇಲೆ ಜನ ನಿಂತು ನೋಡುತ್ತಿದ್ದಾರೆ, ನಾಳೆ ಕಾಫಿ ಕ್ಲಬ್ಬಿನಲ್ಲಿ ತಮ್ಮ ಮುಖವನ್ನೂ ಯಾರೋ ಹೀಗೆಯೇ ಮಾಡಿ ತೋರಿಸುತ್ತಾರೆ ಅನ್ನಿಸಿತು. ಬೆನ್ನು ಬಗ್ಗಲಿಲ್ಲ. ಕತ್ತು ಬಗ್ಗಲಿಲ್ಲ. ಬಾಯಿ ತೆರೆದರು.

"ಕೊಬ್ಬರಿ ಧಾರಣೆ ಹೇಗಿದೆ ಈ ವಾರ?" ಅಂದರು.

ಏಕಾಂತಯ್ಯ ಅವರ ಮುಖವನ್ನೇ ನೋಡಿದ. ಮೇಷ್ಟ್ರ ಮುಷ್ಟಿಯಿಂದ ಇಣುಕುತ್ತಿದ್ದ ಎಲೆಯನ್ನೂ ನೋಡಿದ. ಆಮೇಲೆ ಧಾರಣೆ ಹೇಳಿದ.

"ಪರವಾಗಿಲ್ಲ, ಏರಿದೆ" ಎಂದು ಮೇಷ್ಟ್ರು ಜಗಲಿ ಇಳಿದರು. ಬಂದ ದಾರಿಯಲ್ಲೇ ಹೋದರೆ ಅಂಕಮ್ಮ ಬಾಗಿಲಲ್ಲಿ ನಿಂತಿರುತ್ತಾಳೆ. ಅವರು ಕೆರೆಯ ಏರಿಯ ಮೇಲೆ ಸುತ್ತಿಕೊಂಡು ಮನೆಗೆ ಹೋದರು.